ಆವರಿಕೆ ಗಿಡ ಬೆಳೆಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನ ನಮ್ಮ ಮನೆ ಮುಂದೆ ಆರು ಆವರಿಕೆ ಗಿಡಗಳಿವೆ. ಗೇಟಿನ ಹತ್ತಿರ ನಿಂತು ವಿಚಾರಿಸುವವರು, ಬೀಜ ಒಯ್ದು ಆಮೇಲೆ ಫೋನ್ ಮಾಡುವವರು, ಕಾಗದ ಬರೆಯುವವರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಅವರು ಕೇಳಿದ ಮಾತಿನಲ್ಲೇ ಬರೆದಿದ್ದೇನೆ. ನನ್ನ ಕೈಯಲ್ಲಿ ಸತ್ತ ಆವರಿಕೆ ಗಿಡಗಳೆಲ್ಲ ಅತಿ ಮುದ್ದಿನಿಂದಲೇ ಸತ್ತಿದ್ದು. ಹಾಗಾಗಿ ಉತ್ತರಗಳಲ್ಲಿ "ಬೇಡ", "ಬಿಟ್ಟುಬಿಡಿ" ಅನ್ನುವುದು ಸ್ವಲ್ಪ ಜಾಸ್ತಿಯೇ ಬಂದಿದೆ.

## ಗಿಡದ ಗುರುತು

ಆವರಿಕೆ ಅಂದ್ರೆ ತಂಗಡಿ ಗಿಡಾನೇನಾ? ನಮ್ಮಜ್ಜಿ ಬೇರೆ ಏನೋ ಹೆಸರು ಹೇಳ್ತಿದ್ರು.

ಎರಡೂ ಒಂದೇ. ಹೊನ್ನಾವರಿಕೆ ಅನ್ನುವವರೂ ಇದ್ದಾರೆ. ತೆಲುಗಿನಲ್ಲಿ ತಂಗೇಡು, ತಮಿಳಿನಲ್ಲಿ ಆವಾರಂ. ಆಂಧ್ರದ ಗಡಿ ಕಡೆಯವರ ಬಾಯಲ್ಲಿ ತಂಗಡಿ ಜಾಸ್ತಿ.

ಸಸ್ಯಶಾಸ್ತ್ರದವರ ಹೆಸರು ಸೆನ್ನಾ ಆರಿಕ್ಯುಲೇಟಾ. 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ ಇದನ್ನು ಕ್ಯಾಸಿಯಾ ಗುಂಪಿಗೆ ಸೇರಿಸಿದ್ದ, ಆಮೇಲೆ ಸೆನ್ನಾ ಗುಂಪಿಗೆ ಬಂತು. ಆರಿಕ್ಯುಲೇಟಾ ಅಂದರೆ ಕಿವಿ ಇರುವುದು. ಯಾಕೆ ಕಿವಿ ಅಂತ ತಿಳಿಯಬೇಕಾದರೆ ಒಂದು ರೆಂಬೆ ಬಗ್ಗಿಸಿ ನೋಡಿ. ಎಲೆಯ ದಂಟು ರೆಂಬೆಗೆ ಕೂಡುವ ಜಾಗದಲ್ಲಿ ಎರಡೂ ಪಕ್ಕ ಅಗಲವಾದ, ದುಂಡನೆಯ ಪುಟ್ಟ ಎಲೆಯೊಂದು ರೆಂಬೆಯನ್ನು ತಬ್ಬಿಕೊಂಡಂತೆ ಇರುತ್ತದೆ. ಥೇಟ್ ಕಿವಿ.

ಅವರೆಕಾಯಿಗೂ ಇದಕ್ಕೂ ಏನಾದರೂ ಸಂಬಂಧ ಉಂಟಾ ಅಂತ ಒಬ್ಬರು ಕೇಳಿದ್ದರು. ದೂರದ ನೆಂಟಸ್ತಿಕೆ ಉಂಟು, ಎರಡೂ ದ್ವಿದಳದ ಕುಟುಂಬದವು. ಆದರೆ ಇದರ ಕಾಯಿಯನ್ನು ಹುಳಿಗೆ ಹಾಕಬೇಡಿ.

ನಮ್ಮ ಬೀದೀಲಿ ಹಳದಿ ಹೂವಿನ ಗಿಡಗಳು ಬೇಕಾದಷ್ಟಿವೆ. ಇದೇ ಆವರಿಕೆ ಅಂತ ಗೊತ್ತಾಗೋದು ಹೇಗೆ?

ಮೊದಲು ಕಿವಿ ಹುಡುಕಿ. ಅದು ಇಲ್ಲದಿದ್ದರೆ ಬೇರೆ ಗಿಡ ಅಂತಲೇ ತಿಳಿಯಿರಿ.

ಪಟ್ಟಣಗಳಲ್ಲಿ ಕಾಂಪೌಂಡಿನಿಂದ ಹೊರಗೆ ಬಾಗಿರುವ ಹಳದಿ ಹೂವು ಬಹುಪಾಲು ಟೆಕೋಮಾ. ಅದರ ಹೂವು ಗಂಟೆಯಂತಿರುತ್ತದೆ, ಎಲೆಯಂಚು ಗರಗಸದಂತಿರುತ್ತದೆ. ಅದು ಅಮೆರಿಕ ಖಂಡದ್ದು. ಕಕ್ಕೆ ದೊಡ್ಡ ಮರ, ಹೂಗೊಂಚಲು ಕೆಳಗೆ ಜೋತಾಡುತ್ತದೆ. ತಗಚೆ ಮಳೆಗಾಲದಲ್ಲಿ ಹುಟ್ಟಿ ಬೇಸಿಗೆಯೊಳಗೆ ಒಣಗುವ ಕಳೆ, ಕಾಯಿ ಸಣ್ಣಗೆ ಉದ್ದಕ್ಕೆ ಬಾಗಿರುತ್ತದೆ. ಇದೇ ಸೆನ್ನಾ ಗುಂಪಿನ ಸ್ಪೆಕ್ಟಾಬಿಲಿಸ್ ಅನ್ನುವ ಹೊರಗಿನ ಮರ ಬಂಡೀಪುರ, ವಯನಾಡಿನ ಕಾಡುಗಳಲ್ಲಿ ಹಬ್ಬಿ ದೊಡ್ಡ ತಲೆನೋವಾಗಿದೆ. ಅದನ್ನಂತೂ ನೆಡಲೇಬೇಡಿ.

ಆವರಿಕೆ ಹೂವಿಗೆ ಐದು ದಳ, ಸುಮಾರು 5 ಸೆಂಟಿಮೀಟರ್ ಅಗಲ. ದಳದ ಅಂಚು ಇಸ್ತ್ರಿ ಮಾಡದ ಬಟ್ಟೆಯ ಹಾಗೆ ಸುಕ್ಕುಸುಕ್ಕು. ಕಾಯಿ ಚಪ್ಪಟೆ, ಒಣಗಿದರೆ ಕಾಗದದಷ್ಟು ತೆಳು.

ನಾನೂ ಒಮ್ಮೆ ಮೋಸ ಹೋಗಿದ್ದೇನೆ. ಒಂದು ನರ್ಸರಿಯಲ್ಲಿ "ಇದೇ ಆವರಿಕೆ ಸಾರ್" ಅಂತ ಕೊಟ್ಟ ಗಿಡವನ್ನು ಎರಡು ವರ್ಷ ಸಾಕಿದೆ. ಆಳೆತ್ತರ ದಾಟಿ, ಕಿಟಕಿ ಮುಚ್ಚಿತು. ಆಮೇಲೆ ನೋಡಿದರೆ ಅದೇ ವಂಶದ ಯಾವುದೋ ಅಲಂಕಾರದ ಗಿಡ. ಕಿವಿಯೇ ಇರಲಿಲ್ಲ. ಕೊಳ್ಳುವಾಗ ನೋಡಬೇಕಿತ್ತು, ನೋಡಲಿಲ್ಲ.

ಇದು ಬೇಲಿ ಬದಿ ಕಾಡುಗಿಡ ಅಲ್ವಾ? ಮನೆ ಮುಂದೆ ಹಾಕಿದ್ರೆ ನೋಡೋರು ನಗಲ್ವಾ?

ನಗುತ್ತಾರೆ. ನಮ್ಮ ಎದುರುಮನೆಯವರು ಮೊದಲ ವರ್ಷ "ಹೊಲದಲ್ಲಿ ಕಿತ್ತು ಬಿಸಾಕೋದನ್ನ ಸೈಟಲ್ಲಿ ನೆಟ್ಟಿದ್ದೀರಲ್ಲ" ಅಂದಿದ್ದರು. ಮೂರನೇ ವರ್ಷ ಅವರೇ ಬಂದು ಬೀಜ ಒಯ್ದರು.

ಪಕ್ಕದ ತೆಲಂಗಾಣಕ್ಕೆ ಇದೇ ರಾಜ್ಯದ ಹೂವು. ಅಲ್ಲಿ ಬತುಕಮ್ಮ ಹಬ್ಬಕ್ಕೆ ಹೂವಿನ ಗೋಪುರ ಕಟ್ಟುವಾಗ ತಂಗೇಡು ಇರಲೇಬೇಕು. ತಮಿಳುನಾಡಿನ ಕೊಂಗು ನಾಡಿನಲ್ಲಿ ಪೊಂಗಲ್ ಹಿಂದಿನ ದಿನ ಬೇವಿನ ಸೊಪ್ಪು, ಪೂಳೈ ಅನ್ನುವ ಬಿಳಿ ಹೂವಿನ ಜೊತೆ ಇದನ್ನು ಸೇರಿಸಿ ಮನೆಗೆ ಕಟ್ಟುತ್ತಾರೆ. ನಮ್ಮ ಊರಲ್ಲೂ ಸಂಕ್ರಾಂತಿ ಬೆಳಿಗ್ಗೆ ಎಮ್ಮೆ ಹಟ್ಟಿಯ ಬಾಗಿಲಿಗೆ ಅಣ್ಣೆ ಹೂವು, ಆವರಿಕೆ ಹೂವು ಸಿಕ್ಕಿಸುತ್ತಿದ್ದೆವು. ಕಿತ್ತು ತರುವುದು ಹುಡುಗರ ಕೆಲಸ. ಈಗ ಆ ಒಂದು ದಿನ ನಮ್ಮ ಗೇಟಿನ ಮುಂದೆ ಹೂವು ಕೇಳುವವರ ಸಾಲು.

ಎಷ್ಟು ವರ್ಷ ಬದುಕುತ್ತೆ? ಎಷ್ಟು ಎತ್ತರ ಆಗುತ್ತೆ?

ಬಹುವರ್ಷದ ಪೊದೆ. ದನ, ಕೊಡಲಿ, ಬೆಂಕಿ ಎಲ್ಲ ತಾಗುವ ಬಯಲಲ್ಲಿ ಸೊಂಟದೆತ್ತರಕ್ಕೆ ನಿಲ್ಲುತ್ತದೆ. ತೊಂದರೆ ಇಲ್ಲದ ಜಾಗದಲ್ಲಿ ಹತ್ತು ಅಡಿವರೆಗೂ ಹೋಗಬಹುದು. ಆದ್ದರಿಂದ ಗಿಡದಿಂದ ಗಿಡಕ್ಕೆ, ಗೋಡೆಯಿಂದ ಗಿಡಕ್ಕೆ ಐದಡಿಯಾದರೂ ಬಿಡಿ. ಬೇಲಿಯಾಗಿ ಬೇಕಿದ್ದರೆ ಎರಡಡಿ ಸಾಕು.

## ಬೀಜ ಮತ್ತು ನಾಟಿ

ರಸ್ತೆ ಬದಿಯಿಂದ ಒಂದು ಗಿಡ ಕಿತ್ಕೊಂಡು ಬಂದು ನೆಟ್ರೆ ಆಗಲ್ವಾ? ಸುಲಭ ಅಲ್ವಾ?

ಸುಲಭ ಅಂತ ನನಗೂ ಅನಿಸಿತ್ತು. ಶಿರಾ ದಾರಿಯಲ್ಲಿ ಮೂರು ಸಲ ಹಾರೆ ಹಿಡಿದು ಹೋಗಿದ್ದೇನೆ. ಮೊಣಕಾಲೆತ್ತರದ ಗಿಡ, ಎರಡಡಿ ಅಗೆದರೂ ತಾಯಿಬೇರಿನ ತುದಿ ಸಿಗಲಿಲ್ಲ. ಕಲ್ಲಿನ ಸಂದಿಯಲ್ಲಿ ಇಳಿದು ಎಲ್ಲೋ ಹೋಗಿತ್ತು. ಕೊನೆಗೆ ಬೇರು ಕಡಿದು, ಗೋಣಿಚೀಲದಲ್ಲಿ ಸುತ್ತಿ ತಂದು, ನೆರಳು ಕಟ್ಟಿ, ದಿನಾ ನೀರು ಹಾಕಿದೆ. ಮೂರೂ ಸಲ ವಾರದೊಳಗೆ ಎಲೆ ಉದುರಿ ಕಡ್ಡಿಯಾಯಿತು.

ಈ ಗಿಡದ ಜೀವವೆಲ್ಲ ಆ ತಾಯಿಬೇರಿನಲ್ಲಿದೆ. ಮೇಲೆ ಕಾಣುವುದಕ್ಕಿಂತ ಕೆಳಗೆ ಮೊದಲು ಬೆಳೆಯುತ್ತದೆ. ಅದನ್ನು ಕಡಿದರೆ ಬರ ತಾಳುವ ಶಕ್ತಿಯನ್ನೇ ಕಡಿದಂತೆ. ಅಲ್ಲಿದ್ದ ಗಿಡವೂ ಹೋಯಿತು, ಇಲ್ಲಿಗೂ ಬರಲಿಲ್ಲ. ಗಿಡ ಅಲ್ಲೇ ಇರಲಿ, ನಾಲ್ಕು ಒಣ ಕಾಯಿ ಜೇಬಿಗೆ ಹಾಕಿಕೊಂಡು ಬನ್ನಿ.

ಬೀಜ ಹಾಕಿ ಇಪ್ಪತ್ತು ದಿನ ಆಯ್ತು, ಒಂದೂ ಮೊಳೆತಿಲ್ಲ. ಬೀಜ ಕೆಟ್ಟಿದ್ಯಾ?

ಕೆಟ್ಟಿರಲಾರದು, ಮಲಗಿದೆ. ಆವರಿಕೆ ಬೀಜದ ಸಿಪ್ಪೆ ತುಂಬ ಗಟ್ಟಿ, ನೀರನ್ನು ಒಳಗೆ ಬಿಡುವುದಿಲ್ಲ. ಮೊದಲ ಹದಮಳೆಗೆ ಎಲ್ಲ ಬೀಜವೂ ಎದ್ದು, ಆಮೇಲೆ ಮಳೆ ಕೈಕೊಟ್ಟರೆ ವಂಶವೇ ಹೋಗುತ್ತದಲ್ಲ? ಅದಕ್ಕೇ ಒಂದಷ್ಟು ಈ ವರ್ಷ, ಒಂದಷ್ಟು ಮುಂದಿನ ವರ್ಷ ಅಂತ ಕಂತಿನಲ್ಲಿ ಮೊಳೆಯುತ್ತವೆ. ಬಯಲುಸೀಮೆಯ ಗಿಡಕ್ಕೆ ಇದು ಸರಿಯಾದ ಲೆಕ್ಕ. ನಿಮಗೆ ಮಾತ್ರ ತಾಳ್ಮೆ ಪರೀಕ್ಷೆ.

ಅದನ್ನು ಎಬ್ಬಿಸಲು ಎರಡು ದಾರಿ. ಹತ್ತಿಪ್ಪತ್ತು ಬೀಜ ಇದ್ದರೆ ಒಂದೊಂದನ್ನೇ ಮರಳುಕಾಗದಕ್ಕೆ ಉಜ್ಜಿ. ಕಂದು ಸಿಪ್ಪೆಯ ಒಂದು ಅಂಚಿನಲ್ಲಿ ಬಿಳಿ ಚುಕ್ಕೆ ಕಂಡ ತಕ್ಷಣ ನಿಲ್ಲಿಸಿ. ಜಾಸ್ತಿ ಇದ್ದರೆ ನೀರು ಕುದಿಸಿ ಒಲೆಯಿಂದ ಇಳಿಸಿ, ಒಂದೆರಡು ನಿಮಿಷ ಬಿಟ್ಟು ಬೀಜ ಹಾಕಿ, ರಾತ್ರಿಯಿಡೀ ಹಾಗೇ ಬಿಡಿ. ಬೀಜವನ್ನು ಒಲೆಯ ಮೇಲೆ ಮಾತ್ರ ಬೇಯಿಸಬೇಡಿ.

ಬೆಳಿಗ್ಗೆ ನೋಡಿದರೆ ನೀರು ಕುಡಿದ ಬೀಜ ಉಬ್ಬಿ ದುಪ್ಪಟ್ಟಾಗಿರುತ್ತದೆ. ಅವನ್ನು ಅವತ್ತೇ ಬಿತ್ತಿ. ಉಬ್ಬದೆ ಹಾಗೇ ಉಳಿದವಕ್ಕೆ ಇನ್ನೊಮ್ಮೆ ಬಿಸಿನೀರು. ಉಬ್ಬಿದ ಬೀಜ ನಮ್ಮಲ್ಲಿ ವಾರ, ಹತ್ತು ದಿನದೊಳಗೆ ಮೊಳೆಯುತ್ತದೆ.

ಯಾವ ಮಳೆಗೆ ಬಿತ್ತಬೇಕು? ನೇರ ನೆಲಕ್ಕೋ, ಕವರಿಗೋ?

ನೇರ ನೆಲಕ್ಕೇ ವಾಸಿ. ರೋಹಿಣಿಯಲ್ಲೋ ಮೃಗಶಿರದಲ್ಲೋ ಒಂದು ಹದಮಳೆ ಬಿದ್ದ ಮೇಲೆ ಬೆರಳ ಗೆಣ್ಣಿನಷ್ಟು ಆಳಕ್ಕೆ, ಒಂದು ಗುಣಿಗೆ ಮೂರು ಬೀಜ ಹಾಕಿ. ಎರಡು ತಿಂಗಳಾದ ಮೇಲೆ ಗಟ್ಟಿಯಾದ ಒಂದನ್ನು ಉಳಿಸಿ, ಉಳಿದವನ್ನು ಬುಡಕ್ಕೆ ಕತ್ತರಿಸಿ. ಕೀಳಬೇಡಿ, ಪಕ್ಕದ ಬೇರು ಅಲ್ಲಾಡುತ್ತದೆ.

ಕವರೇ ಬೇಕು ಅಂದರೆ ಉದ್ದನೆಯದು ತೆಗೆದುಕೊಳ್ಳಿ. ಅಂಗೈ ಉದ್ದ ಬೆಳೆದೊಡನೆ ನೆಲಕ್ಕೆ ಇಳಿಸಿ. ಕವರಿನ ತಳದಲ್ಲಿ ಬೇರು ಒಮ್ಮೆ ಸುರುಳಿ ಸುತ್ತಿದರೆ ಅದು ಜನ್ಮಕ್ಕೆ ನೇರ ಇಳಿಯುವುದಿಲ್ಲ.

ನಮ್ಮದು ಎರೆಮಣ್ಣು. ನಮ್ಮಕ್ಕ ಇರೋದು ತೀರ್ಥಹಳ್ಳೀಲಿ. ಇಬ್ಬರಿಗೂ ಆಗುತ್ತಾ?

ನಿಮಗೆ ಆಗುತ್ತದೆ. ಕೆಮ್ಮಣ್ಣು, ಗರಸು, ಎರೆ, ಸ್ವಲ್ಪ ಚೌಳು ಇದ್ದರೂ ಸೈ. ಎರೆಯಲ್ಲಿ ಮಳೆನೀರು ನಿಲ್ಲುವ ತಗ್ಗು ಮಾತ್ರ ಬೇಡ. ಒಂದಡಿ ದಿಬ್ಬ ಮಾಡಿ ಅದರ ಮೇಲೆ ಬಿತ್ತಿ.

ನಿಮ್ಮ ಅಕ್ಕನವರಿಗೆ ಬೇಡ ಅಂತಲೇ ಹೇಳುತ್ತೇನೆ. ಇದು ಒಣ ಸೀಮೆಯ ಗಿಡ. ತಿಂಗಳುಗಟ್ಟಲೆ ಜಡಿಮಳೆ, ಮೋಡ, ಹಸಿ ಮಣ್ಣು ಇದಕ್ಕೆ ಒಗ್ಗುವುದಿಲ್ಲ. ಮಲೆನಾಡಿಗೆ ಅದರದ್ದೇ ಚೆಂದದ ಕಾಡುಹೂಗಳಿವೆ. ನಮ್ಮ ಕಡೆಯ ಗಿಡಕ್ಕೆ ಅಲ್ಲಿ ಹಿಂಸೆ ಯಾಕೆ?

ಬಿಸಿಲಿನ ವಿಷಯದಲ್ಲಿ ರಾಜಿ ಇಲ್ಲ. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳಬೇಕು.

## ಆರೈಕೆ

ವಾರಕ್ಕೆ ಎಷ್ಟು ಸಲ ನೀರು ಹಾಕಬೇಕು?

ಈ ಪ್ರಶ್ನೆ ಕೇಳುವವರ ಗಿಡವೇ ಸಾಯುವುದು. ಕೋಪ ಮಾಡಿಕೊಳ್ಳಬೇಡಿ, ನಾನೂ ಆ ಪೈಕಿಯೇ.

ಮೊದಲ ಬೇಸಿಗೆ ಮಾತ್ರ ನೀರು ಬೇಕು. ಜೂನ್‌ನಲ್ಲಿ ಬಿತ್ತಿದ ಗಿಡಕ್ಕೆ ಮಳೆಗಾಲ ಕಳೆದ ಮೇಲೆ ಹತ್ತು ಹನ್ನೆರಡು ದಿನಕ್ಕೊಮ್ಮೆ ಒಂದು ಬಿಂದಿಗೆ. ನಿಧಾನಕ್ಕೆ, ಆಳಕ್ಕೆ ಇಳಿಯುವ ಹಾಗೆ. ದಿನಾ ಒಂದು ಚೊಂಬು ಚಿಮುಕಿಸಿದರೆ ಬೇರು ಮೇಲೇ ಉಳಿಯುತ್ತದೆ. ಕೆಳಗೆ ಹೋಗುವ ಗರಜಾದರೂ ಅದಕ್ಕೆ ಏನಿದೆ? ಎರಡನೇ ಮುಂಗಾರು ಕಂಡ ಗಿಡಕ್ಕೆ ಆಮೇಲೆ ನೀರೇ ಬೇಡ.

ನಮ್ಮ ಮನೆಯಲ್ಲಿ ದಾಸವಾಳ, ಮಲ್ಲಿಗೆಗೆ ಡ್ರಿಪ್ ಪೈಪು ಹಾಕಿಸಿದಾಗ "ಇದಕ್ಕೂ ಒಂದು ಇರಲಿ" ಅಂತ ಎರಡು ಆವರಿಕೆಗೆ ಎಳೆಸಿದೆ. ಮೊದಲು ಎಲೆ ಕಡು ಹಸಿರಾಯಿತು, ರೆಂಬೆ ಸೊಂಪಾಗಿ ಚಾಚಿತು. ಖುಷಿಪಟ್ಟೆ. ಹೂವು ಕಡಿಮೆಯಾಯಿತು. ಆಶ್ವಯುಜದ ಮಳೆ ಹಿಡಿದಾಗ ಎಲೆ ತುದಿಯಿಂದ ಹಳದಿಯಾಗುತ್ತ ಬಂತು. ಬುಡ ಕೆರೆದು ನೋಡಿದೆ. ತೊಗಟೆ ಬೆರಳಿಗೆ ಜಾರಿ ಬಂತು, ಕೊಳೆತ ವಾಸನೆ. ಪೈಪು ಕಾಣದ ಉಳಿದ ಗಿಡಗಳು ಅದೇ ಸಾಲಿನಲ್ಲಿ ಹೂಬಿಟ್ಟು ನಿಂತಿದ್ದವು.

ಬೇಸಿಗೆಯಲ್ಲಿ ಎಲೆ ಉದುರಿಸಿ ಬಡಕಲಾಗಿ ಕಂಡರೆ ಗಾಬರಿಯಾಗಬೇಡಿ. ಉಗುರಿನಿಂದ ರೆಂಬೆ ಗೀರಿ, ಒಳಗೆ ಹಸಿರಿದ್ದರೆ ಜೀವ ಇದೆ.

ಗೊಬ್ಬರ ಏನು ಹಾಕ್ಲಿ? ದ್ವಿದಳ ಅಲ್ವಾ, ಸಾರಜನಕ ತಾನೇ ಮಾಡ್ಕೊಳ್ಳುತ್ತೆ ಅಂತಾರೆ.

ದ್ವಿದಳ ಹೌದು, ಆದರೆ ತೊಗರಿ, ಅಲಸಂದೆ ಬೇರಿನಲ್ಲಿ ಕಾಣುವ ಗಂಟು ಇದಕ್ಕೆ ಕಟ್ಟುವುದಿಲ್ಲ. ಸೆನ್ನಾ ಗುಂಪಿನ ಗಿಡಗಳ ಸ್ವಭಾವವೇ ಹಾಗೆ. ಹಾಗಿದ್ದೂ ಬಡ ಮಣ್ಣಿನಲ್ಲಿ ಚೆನ್ನಾಗಿ ಬರುತ್ತದೆ. ಆಳದಿಂದ ಬೇಕಾದ್ದನ್ನು ಎಳೆದುಕೊಳ್ಳುತ್ತದೆ. ಹಳಬರು ಗದ್ದೆ ಕೆಸರು ಮಾಡುವಾಗ ತಂಗಡಿ ಸೊಪ್ಪು ತುಳಿಸುತ್ತಿದ್ದುದು ಇದಕ್ಕೇ. ಗಿಡ ಆಳದಿಂದ ಎತ್ತಿದ ಸಾರ ಎಲೆಯ ಮೂಲಕ ಗದ್ದೆಗೆ ಸಿಗುತ್ತಿತ್ತು.

ನೆಡುವಾಗ ಗುಣಿಗೆ ಎರಡು ಬೊಗಸೆ ಹಳೆಯ ಕೊಟ್ಟಿಗೆ ಗೊಬ್ಬರ ಹಾಕಿ. ಅಲ್ಲಿಗೆ ಮುಗಿಯಿತು. ಯೂರಿಯಾ ಅಂತೂ ಬೇಡವೇ ಬೇಡ.

ಗಿಡ ಉದ್ದುದ್ದ ಹೋಗಿ ಬುಡ ಬೋಳಾಗಿದೆ. ಸವರಬಹುದಾ, ಸತ್ತೋಗುತ್ತಾ?

ಧೈರ್ಯವಾಗಿ ಸವರಿ. ಹೊಲದ ಬದುವಿನಲ್ಲಿ ಪ್ರತಿವರ್ಷ ಸೌದೆಗೆ, ಸೊಪ್ಪಿಗೆ ಕಡಿಸಿಕೊಂಡೇ ಬದುಕಿದ ಗಿಡ ಇದು. ಮೇ ಕೊನೆಯಲ್ಲಿ, ಮುಂಗಾರಿಗೆ ಮುಂಚೆ, ನೆಲದಿಂದ ಒಂದೂವರೆ ಅಡಿ ಬಿಟ್ಟು ಕತ್ತರಿಸಿ. ಮಳೆ ಬಿದ್ದ ಹದಿನೈದು ದಿನಕ್ಕೆ ಮೋಟಿನ ಸುತ್ತ ಚಿಗುರು. ಹೂವು ಬರುವುದು ಹೊಸ ಚಿಗುರಿನ ತುದಿಯಲ್ಲಿ, ಹಾಗಾಗಿ ಸವರಿದಷ್ಟೂ ಲಾಭ. ಗಿಡ ಎರಡು ವರ್ಷ ದಾಟಿರಬೇಕು ಅಷ್ಟೇ.

ಟೆರೇಸಲ್ಲಿ ಕುಂಡದಲ್ಲಿ ಬೆಳೆಸಬಹುದಾ?

ಬದುಕುತ್ತದೆ. ಚೆಂದ ಬರುವುದಿಲ್ಲ. ಒಂದು ದೊಡ್ಡ ಡ್ರಮ್ ಇದ್ದರೆ ಪ್ರಯತ್ನಿಸಿ. ಕುಂಡಕ್ಕೇ ಬೇಕಾದರೆ ವಿಷ್ಣುಕ್ರಾಂತಿ ಹಾಕಿ. ಅದೂ ನಮ್ಮ ಬಯಲಿನದೇ, ನೀಲಿ ಹೂವು ಗುಂಡಿಯಷ್ಟು ಚಿಕ್ಕದು, ಕುಂಡದ ಅಂಚಿನಿಂದ ಇಳಿಬಿದ್ದರೆ ನೋಡಲು ಮುದ್ದಾಗಿರುತ್ತದೆ.

## ತೊಂದರೆ, ಅನುಮಾನ

ಹಸಿರು ಹುಳ ಎಲೆಯೆಲ್ಲ ತಿಂದು ಹಾಕ್ತಿದೆ. ಯಾವ ಔಷಧಿ ಹೊಡೀಲಿ?

ಯಾವುದೂ ಬೇಡ. ಅದು ಚಿಟ್ಟೆ ಮರಿ. ಮಳೆಗಾಲದಲ್ಲಿ ಸಾಲುಗಟ್ಟಿ ಹಾರಿಹೋಗುವ ಬಿಳಿ ಹಸಿರು ಚಿಟ್ಟೆಗಳನ್ನು ನೋಡಿದ್ದೀರಲ್ಲ, ವಲಸೆ ಚಿಟ್ಟೆಗಳು, ಅವು ಮೊಟ್ಟೆ ಇಡುವ ಗಿಡಗಳಲ್ಲಿ ಆವರಿಕೆ ಮುಖ್ಯ. ಎಳೆ ಎಲೆಯನ್ನು ಬೆಳಕಿಗೆ ಹಿಡಿದರೆ ಅಕ್ಕಿ ನುಚ್ಚನ್ನು ನೆಟ್ಟಗೆ ನಿಲ್ಲಿಸಿದಂತೆ ಮೊಟ್ಟೆ ಕಾಣುತ್ತದೆ. ಮರಿಯ ಮೈ ಹಸಿರು, ಪಕ್ಕಕ್ಕೆ ಒಂದು ಬಿಳಿ ಗೆರೆ. ಎಲೆಯ ನಡುದಂಟಿನ ಮೇಲೆ ಉದ್ದಕ್ಕೆ ಮಲಗಿದರೆ ಕಣ್ಣಿಗೇ ಬೀಳುವುದಿಲ್ಲ.

ಒಂದು ರೆಂಬೆ ಬೋಳಾಗಬಹುದು. ಎರಡು ಮೂರು ವಾರದಲ್ಲಿ ಎಲ್ಲ ಮುಗಿದು ಗಿಡ ಮತ್ತೆ ಚಿಗುರುತ್ತದೆ. ಗಿಡ ತೀರ ಚಿಕ್ಕದಾಗಿದ್ದರೆ ಹುಳಗಳನ್ನು ಎಲೆ ಸಮೇತ ಪಕ್ಕದ ದೊಡ್ಡ ಗಿಡಕ್ಕೆ ದಾಟಿಸಿ. ನಮ್ಮ ಮೊಮ್ಮಗಳು ಇದನ್ನು "ಶಿಫ್ಟಿಂಗ್" ಅನ್ನುತ್ತಾಳೆ.

ಗಿಡದ ತುಂಬ ಇರುವೆ ಓಡಾಡ್ತಿವೆ, ಹೇನು ಏನೂ ಕಾಣ್ತಿಲ್ಲ. ಯಾಕೆ?

ಗಿಡವೇ ಕರೆದಿದೆ. ಎಲೆಯ ದಂಟಿನ ಮೇಲೆ, ಒಂದೊಂದು ಜೋಡಿ ಎಲೆಯ ನಡುವೆ, ಸಾಸಿವೆಗಿಂತ ಚಿಕ್ಕ ಕಡ್ಡಿಯಂಥ ಗ್ರಂಥಿ ಇರುತ್ತದೆ. ಅದರಲ್ಲಿ ಸಿಹಿ ಒಸರುತ್ತದೆ. ಇರುವೆಗೆ ತಿಂಡಿ, ಗಿಡಕ್ಕೆ ಕಾವಲು. ಆದರೆ ರೆಂಬೆಯ ಕವಲಲ್ಲಿ ಹತ್ತಿಯಂತೆ ಬಿಳಿ ಮೆತ್ತಿದ್ದರೆ ಅದು ಹಿಟ್ಟು ತಿಗಣೆ. ಆ ತುದಿ ಕತ್ತರಿಸಿ ಸುಟ್ಟುಬಿಡಿ.

ಮೂರು ವರ್ಷ ಆಯ್ತು, ಬರೀ ಎಲೆ, ಹೂವೇ ಇಲ್ಲ.

ನೆರಳು, ಇಲ್ಲವೇ ನೀರು ಜಾಸ್ತಿ. ಬೀಜದ ಗಿಡ ಸಾಮಾನ್ಯವಾಗಿ ಎರಡನೇ ವರ್ಷ ಹೂವು ತೋರಿಸುತ್ತದೆ. ಪಕ್ಕದ ಮಾವಿನ ಕೊಂಬೆ ಮೇಲೆ ಬಂದಿದೆಯಾ ನೋಡಿ.

## ಇನ್ನೂ ಸ್ವಲ್ಪ ಆಳಕ್ಕೆ

ದೊಡ್ಡ ಕರಿ ದುಂಬಿ ಹೂವಿನ ಮೇಲೆ ಕೂತು ಗುಂಯ್ ಅಂತ ಜೋರಾಗಿ ಸದ್ದು ಮಾಡುತ್ತೆ. ಏನ್ ಮಾಡ್ತಿದೆ ಅದು?

ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ. ಈ ಹೂವಿನಲ್ಲಿ ಮಕರಂದ ಇಲ್ಲ, ಪರಾಗ ಮಾತ್ರ. ಅದೂ ಸುಲಭಕ್ಕೆ ಸಿಗುವುದಿಲ್ಲ. ಬೇರೆ ಹೂಗಳ ಪರಾಗಕೋಶ ಬಿರಿದು ಪುಡಿ ಹೊರಗೆ ಬಿದ್ದಿರುತ್ತದೆ, ಇದರ ಪರಾಗಕೋಶಕ್ಕೆ ಇರುವುದು ತುದಿಯಲ್ಲಿ ಒಂದು ಸಣ್ಣ ತೂತು ಅಷ್ಟೇ. ಉಪ್ಪಿನ ಡಬ್ಬಿಯ ಹಾಗೆ ಅಲ್ಲಾಡಿಸಿದರೇ ಉದುರುವುದು.

ದುಂಬಿ ಮಾಡುವುದು ಅದನ್ನೇ. ಹೂವನ್ನು ಕಾಲಲ್ಲಿ ಅಪ್ಪಿ ಹಿಡಿದು, ರೆಕ್ಕೆ ಬಡಿಯದೆ ಎದೆಯ ಸ್ನಾಯುಗಳನ್ನು ಅದುರಿಸುತ್ತದೆ. ಹಾರುವಾಗಿನ ಸದ್ದಿಗಿಂತ ಈ ಸದ್ದು ಮೊನಚು. ಪರಾಗ ಚಿಮ್ಮಿ ಅದರ ಹೊಟ್ಟೆಗೆ ಮೆತ್ತಿಕೊಳ್ಳುತ್ತದೆ. ಹೂವಿನ ಹತ್ತು ಕೇಸರಗಳಲ್ಲಿ ಮೇಲಿನ ಮೂರು ಬಂಜೆ, ಕೆಲಸಕ್ಕೆ ಬರುವುದು ಉಳಿದವು.

ಇನ್ನೊಂದು ತಮಾಷೆ ನೋಡಿ. ಹೂವಿನಿಂದ ಹೊರಬಂದ ಹಸಿರು ಕೊಕ್ಕೆ, ಅಂದರೆ ಮುಂದೆ ಕಾಯಾಗುವ ಭಾಗ, ಕೆಲವು ಹೂಗಳಲ್ಲಿ ಎಡಕ್ಕೆ ಬಾಗಿರುತ್ತದೆ, ಕೆಲವದರಲ್ಲಿ ಬಲಕ್ಕೆ. ಎಡದ ಹೂವಿನಲ್ಲಿ ದುಂಬಿಯ ಒಂದು ಪಕ್ಕಕ್ಕೆ ಅಂಟಿದ ಪರಾಗ ಬಲದ ಹೂವಿಗೆ ಸರಿಯಾಗಿ ತಾಗುತ್ತದೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ನಿಂತರೆ ಎಣಿಸಬಹುದು.

ಒಣ ಮರದಲ್ಲಿ ತೂತು ಕೊರೆದು ಗೂಡು ಮಾಡುವ ದುಂಬಿ ಇದು. ತೋಟದ ಮೂಲೆಯಲ್ಲಿ ಒಂದು ಹಳೆ ಮರದ ತುಂಡು ಬಿಟ್ಟಿರಿ.

ಮೊದಲು ಚರ್ಮ ಹದ ಮಾಡೋಕೆ ಇದನ್ನ ಬಳಸ್ತಿದ್ರಂತೆ, ನಿಜನಾ?

ನಿಜ. ತೊಗಟೆಯಲ್ಲಿ ಒಗರು, ಅಂದರೆ ಟ್ಯಾನಿನ್, ತುಂಬ ಇದೆ. ನೂರಕ್ಕೆ 15ರಿಂದ 20 ಪಾಲು. ಬ್ರಿಟಿಷರ ಕಾಲದಲ್ಲಿ ಮದ್ರಾಸ್ ಕಡೆಯಿಂದ ಹಡಗಿನಲ್ಲಿ ಹೋಗುತ್ತಿದ್ದ ಹದ ಮಾಡಿದ ಚರ್ಮಕ್ಕೆ ಇದೇ ಆಧಾರ. ಆಮೇಲೆ ದಕ್ಷಿಣ ಆಫ್ರಿಕಾದಿಂದ ವ್ಯಾಟಲ್ ಅನ್ನುವ ಮರದ ತೊಗಟೆ ಬಂದು ಇದನ್ನು ಹಿಂದಕ್ಕೆ ತಳ್ಳಿತು. ಇಂಗ್ಲಿಷಿನಲ್ಲಿ ಇದಕ್ಕೆ ಚರ್ಮಗಾರರ ಕ್ಯಾಸಿಯಾ ಅನ್ನುವ ಅರ್ಥದ ಹೆಸರೇ ಇದೆ. ಬೇಕಿದ್ದರೆ ಒಂದು ಎಳೆ ಕಡ್ಡಿ ಜಗಿದು ನೋಡಿ, ನಾಲಿಗೆ ಎಳೆದುಕೊಳ್ಳುತ್ತದೆ.

ಸಕ್ಕರೆ ಕಾಯಿಲೆಗೆ ಆವರಿಕೆ ಹೂವಿನ ಟೀ ಒಳ್ಳೇದಂತೆ. ದಿನಾ ಕುಡೀಬಹುದಾ?

ಒಣ ಹೂವಿನ ಕಷಾಯ ತಮಿಳುನಾಡಿನಲ್ಲಿ ಸಾಮಾನ್ಯ. ಶ್ರೀಲಂಕಾದಲ್ಲಿ ರಣವರಾ ಅನ್ನುವ ಹೆಸರಲ್ಲಿ ಟೀ ಬದಲು ಕುಡಿಯುತ್ತಾರೆ. ನಾನೂ ಆಗೀಗ ಕುಡಿಯುತ್ತೇನೆ, ರುಚಿ ತೆಳ್ಳಗಿನ ಒಗರು. ಆದರೆ ಸಕ್ಕರೆ ಮಾತ್ರೆಯ ಜಾಗಕ್ಕೆ ಇದನ್ನು ತರಬೇಡಿ. ಮಾತ್ರೆಯ ಜೊತೆಗೆ ಕುಡಿಯುವುದಾದರೂ ಮೊದಲು ಡಾಕ್ಟರನ್ನು ಕೇಳಿ. ಎರಡೂ ಸೇರಿ ಸಕ್ಕರೆ ಜಾಸ್ತಿ ಇಳಿದರೆ ಕಷ್ಟ. ಬಸುರಿಯರು, ಬಾಣಂತಿಯರು ಬಿಡುವುದೇ ಒಳ್ಳೆಯದು. ಮತ್ತೆ, ಹೆದ್ದಾರಿ ಪಕ್ಕದ ಹೂವನ್ನು ಯಾರೂ ಕುಡಿಯಬೇಡಿ, ಅದರ ಮೇಲೆ ಲಾರಿ ಹೊಗೆಯೇ ಕೂತಿರುತ್ತದೆ.

ಜೊತೆಗೆ ಬೇರೆ ಏನು ನೆಡಬಹುದು? ಆವರಿಕೆ ಒಂದೇ ಇದ್ರೆ ಬೇಜಾರು.

ನೀರಿನ ಅಗತ್ಯ ಒಂದೇ ಥರ ಇರುವವನ್ನು ಒಟ್ಟಿಗೆ ಹಾಕಿ. ಮುಳ್ಳುಗೋರಂಟೆಗೆ ಏಪ್ರಿಕಾಟ್ ಬಣ್ಣದ ಹಳದಿ ಹೂವು, ಆವರಿಕೆಯ ಬೋಳು ಬುಡವನ್ನು ಮುಚ್ಚುತ್ತದೆ. ಬಿಳಿ ಅಣ್ಣೆ, ವಿಷ್ಣುಕ್ರಾಂತಿ ನೆಲಕ್ಕೆ. ಮಳೆಗಾಲದಲ್ಲಿ ತುಂಬೆ ಯಾರೂ ಕರೆಯದೆ ತಾನೇ ಬರುತ್ತದೆ, ಕೀಳದೆ ಬಿಡಿ. ಲಾನ್ ಹುಲ್ಲು, ಗುಲಾಬಿ, ಬಾಳೆ ಪಕ್ಕದಲ್ಲಿ ಬೇಡ. ಅವುಗಳ ನೀರೇ ಇದಕ್ಕೆ ರೋಗ.

ಮುಂದಿನ ವರ್ಷಕ್ಕೆ ಬೀಜ ಯಾವಾಗ ಬಿಡಿಸ್ಬೇಕು? ನಮ್ಮ ಬೀಜಕ್ಕೆಲ್ಲ ತೂತು ಬಿದ್ದಿತ್ತು.

ಕಾಯಿ ಕಂದಾಗಿ, ಅಲ್ಲಾಡಿಸಿದರೆ ಗಿಲಕಿಯ ಹಾಗೆ ಸದ್ದು ಬಂದಾಗ. ಒಂದು ಕಾಯಲ್ಲಿ ಹತ್ತರಿಂದ ಇಪ್ಪತ್ತು ಬೀಜ ಸಿಗುತ್ತವೆ. ತೂತು ಕೊರೆದಿದ್ದು ಬೀಜದೊಳಗೇ ಬೆಳೆಯುವ ಪುಟ್ಟ ಜೀರುಂಡೆ, ಕಡಲೆ, ಅಲಸಂದೆ ಡಬ್ಬಿಗೆ ಬೀಳುತ್ತಲ್ಲ, ಅದರ ಬಳಗ. ಗುಂಡುಸೂಜಿಯಿಂದ ಚುಚ್ಚಿದಂತೆ ದುಂಡು ತೂತು ಕಂಡ ಬೀಜ ಟೊಳ್ಳು, ಎಸೆಯಿರಿ. ಕಾಯಿ ಗಿಡದಲ್ಲಿ ತುಂಬ ದಿನ ಬಿಟ್ಟಷ್ಟೂ ತೂತು ಜಾಸ್ತಿ. ಬಿಡಿಸಿದ ಬೀಜವನ್ನು ಎರಡು ದಿನ ಬಿಸಿಲಿಗೆ ಹರಡಿ, ಬೂದಿಯಲ್ಲಿ ಹೊರಳಿಸಿ, ಮುಚ್ಚಳ ಬಿಗಿಯಾದ ಡಬ್ಬಿಗೆ ಹಾಕಿ. ನಮ್ಮ ಮನೆಯಲ್ಲಿ ಅದು ಹಳೆಯ ಹಾರ್ಲಿಕ್ಸ್ ಬಾಟಲಿ, ಮೆಂತ್ಯದ ಪಕ್ಕ ಇದೆ. ಚೀಟಿ ಅಂಟಿಸುವುದನ್ನು ಮರೆಯಬೇಡಿ. ನಾನು ಅಂಟಿಸಿರಲಿಲ್ಲ, ಒಮ್ಮೆ ಒಗ್ಗರಣೆಗೆ ಹೋಗುವುದರಲ್ಲಿತ್ತು.